ರಸಮಟ್ಟನ ಹದಿನೇಳು ಇಂಚಿನ ಲ್ಯಾಪ್‌ಟಾಪು

ಉಕ್ಕಿನ ಬೀರು ಮಾಡುವ ಕಾರ್ಖಾನೆಯ ಚೆಕ್ಕರ್ ತನ್ನ ಹೊಸ ಲ್ಯಾಪ್‌ಟಾಪನ್ನು ಮ್ಯಾನೇಜರರ ಮೇಜಿನ ಮೇಲಿಟ್ಟು ಮುಚ್ಚಳ ಎತ್ತಿದ್ದೇ ತಡ, ಅದರ ಬೆನ್ನು ಹೋಗಿ ಚಹಾದ ಲೋಟಕ್ಕೆ ತಾಗಿತು. ಹದಿನೇಳು ಇಂಚಿನ ಪರದೆಯ ಲ್ಯಾಪ್‌ಟಾಪು. ಅದರ ಮುಚ್ಚಳವೆಂದರೆ ಸಣ್ಣ ಕಿಟಕಿಯೇ ಸರಿ. ಲೋಟ ಮೇಜಿನ ಅಂಚಿಗೆ ಜಾರಿ, ಬೀಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಕೊನೆಗೆ ಮ್ಯಾನೇಜರರ ತೊಡೆಯ ಮೇಲೆ ಬಿತ್ತು. ಲ್ಯಾಪ್‌ಟಾಪು ಮೇಜಿನ ಮೇಲೆ, ಚಹಾ ಲ್ಯಾಪಿನ ಮೇಲೆ.

"ಇಪ್ಪತ್ತಾರು ವರ್ಷದಿಂದ ಬಾಗಿಲು ತೆಗೆದು ಹಾಕಿ ನೋಡೋದೇ ನಿಮ್ಮ ಕೆಲಸ," ಎಂದರು ಮ್ಯಾನೇಜರು, ಕರವಸ್ತ್ರದಿಂದ ಪ್ಯಾಂಟು ಒತ್ತಿಕೊಳ್ಳುತ್ತ. "ಇದೂ ಒಂದು ಬಾಗಿಲೇ ಅಂತ ಹೊಳೀಲಿಲ್ವಾ?"

"ಹೊಸದು ಸಾರ್. ಇನ್ನೂ ಪರೀಕ್ಷೆ ಮಾಡ್ತಾ ಇದೀನಿ."

"ನನ್ನ ಮೇಲೆ ಮಾಡಬೇಡಿ. ಇವತ್ತು ಹೋಗಿ. ಬರೋ ವಾರ ಗುರುವಾರ ಕೂತು ಮಾತಾಡೋಣ. ಅಷ್ಟರಲ್ಲಿ ಹನ್ನೊಂದು ಬಾಗಿಲಿನ ಫೋಟೋನೂ ವರದಿನೂ ಒಂದು ಕಡೆ ಮಾಡಿಕೊಂಡು ಬನ್ನಿ."

ಹನ್ನೊಂದು ಬಾಗಿಲು. ಈ ಕತೆಯೆಲ್ಲ ಅವುಗಳದ್ದೇ. ಕಳೆದ ಏಳು ತಿಂಗಳಲ್ಲಿ ಚೆಕ್ಕರು ಡೊಂಕು ಎಂದು ಕೆಂಪು ಸೀಮೆಸುಣ್ಣದಲ್ಲಿ ಗೀಟು ಎಳೆದ ಬಾಗಿಲುಗಳು ಅವು. ಹನ್ನೊಂದನ್ನೂ ಮಾಡಿದವನು ಒಬ್ಬನೇ ಫಿಟ್ಟರು. ಆ ಫಿಟ್ಟರನ್ನು ಹೋದ ತಿಂಗಳು ಅವನ ಬೆಂಚಿನಿಂದ ಎಬ್ಬಿಸಿ, ಸಿದ್ಧವಾದ ಬೀರುಗಳಿಗೆ ರಟ್ಟು ಸುತ್ತಿ ಹಗ್ಗ ಕಟ್ಟುವ ಪ್ಯಾಕಿಂಗಿಗೆ ಹಾಕಿದ್ದರು. ಗುರುವಾರ ತೀರ್ಮಾನವಾಗಬೇಕಾದದ್ದು ಇಷ್ಟೇ: ಅವನು ವಾಪಸು ಬೆಂಚಿಗೆ ಬರಬೇಕೋ, ಇಲ್ಲ, ಕಾಯಂ ಆಗಿ ಹಗ್ಗ ಕಟ್ಟುತ್ತಲೇ ಇರಬೇಕೋ. ತೀರ್ಮಾನಕ್ಕೆ ಆಧಾರ ಚೆಕ್ಕರಿನ ವರದಿ. ಮತ್ತು ಆ ಫಿಟ್ಟರು ಚೆಕ್ಕರಿನ ಖಾಸಾ ಭಾಮೈದ, ಹೆಂಡತಿಯ ಬೆನ್ನಿಗೆ ಬಿದ್ದ ತಮ್ಮ.

ಕಾರ್ಖಾನೆಯಲ್ಲಿ ಚೆಕ್ಕರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ರಸಮಟ್ಟ. ಗೋಡೆ ನೆಟ್ಟಗಿದೆಯೇ ಎಂದು ಗಾರೆಯವರು ಒತ್ತಿ ನೋಡುವ, ಗಾಜಿನೊಳಗೆ ಗುಳ್ಳೆ ಓಡಾಡುವ ಆ ಸಾಧನದ ಹೆಸರು. ಅವನಿಗೆ ಆ ಹೆಸರು ಬಂದದ್ದು ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ಬಾಗಿಲಿನ ಅಂಚನ್ನು ಮೇಲಿಂದ ಕೆಳಗೆ ಒಮ್ಮೆ ಸವರಿ ನೋಡಿ, "ನಡುವಲ್ಲಿ ಅರ್ಧ ಕೂದಲು ಹೊಟ್ಟೆ ಬಂದಿದೆ" ಎನ್ನುತ್ತಿದ್ದುದರಿಂದ. ಮೊದಮೊದಲು ಜನ ನಂಬದೆ ಉಕ್ಕಿನ ಪಟ್ಟಿ ಹಿಡಿದು ನೋಡುತ್ತಿದ್ದರು. ಪಟ್ಟಿಗೂ ಬಾಗಿಲಿಗೂ ನಡುವೆ ಅರ್ಧ ಕೂದಲಿನಷ್ಟು ಬೆಳಕು ಕಾಣುತ್ತಿತ್ತು. ಹೀಗೆ ಹತ್ತಾರು ಸಲ ಆದ ಮೇಲೆ ಪಟ್ಟಿ ಹಿಡಿಯುವುದೇ ನಿಂತುಹೋಯಿತು. ಪ್ರತಿ ಬಾಗಿಲಿಗೂ ಪಟ್ಟಿ ಹಿಡಿಯಬೇಕು ಎಂಬ ನಿಯಮ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು. ಪಟ್ಟಿ ಅದರ ಪಕ್ಕದಲ್ಲಿ ಮೊಳೆಗೆ ನೇತಾಡುತ್ತಿತ್ತು. ಎರಡಕ್ಕೂ ಧೂಳು ಸಮಸಮವಾಗಿ ಕೂತಿತ್ತು. ರಸಮಟ್ಟ ನೋಡಿದ ಮೇಲೆ ಪಟ್ಟಿ ಕೇಳುವುದೆಂದರೆ, ಹಿರಿಯರು ಹೇಳಿದ ಮಾತಿಗೆ ಸಾಕ್ಷಿ ಕೇಳಿದ ಹಾಗೆ.

ಒಬ್ಬ ಮಾತ್ರ ಒಂದು ಸಲ ಕೇಳಿದ್ದ. ಮೂರನೆಯ ಬಾಗಿಲಿಗೆ ಗೀಟು ಬಿದ್ದಾಗ ಫಿಟ್ಟರು ಕೈಗವಸು ತೆಗೆಯುತ್ತ, "ಭಾವ, ಒಂದ್ಸಲ ಪಟ್ಟಿ ಹಿಡಿದು ನೋಡಿ," ಎಂದಿದ್ದ.

"ಏನಂದೆ?"

"ಏನಿಲ್ಲ, ಪಟ್ಟಿ. ಅಲ್ಲೇ ಇದೆ."

"ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಈ ಕಣ್ಣು ಬಾಗಿಲು ನೋಡ್ತಾ ಇದೆ ಕಣೋ. ಬಾಗಿಲು ಬಾಗಿದ್ರೆ ಬಾಗಿದೆ ಅಂತೀನಿ. ಭಾಮೈದ ಮಾಡಿದ್ದು ಅಂತ ನೆಟ್ಟಗಾಗುತ್ತಾ?"

ಸುತ್ತ ನಿಂತವರು ನಕ್ಕಿದ್ದರು. ಬಾಗುತ್ತೆ ಅಂತಲೇ ಅದಕ್ಕೆ ಬಾಗಿಲು ಅಂತ ಹೆಸರಿಟ್ಟಿರೋದು ಎಂದು ವೆಲ್ಡರ್ ಒಬ್ಬ ಒಗ್ಗರಣೆ ಹಾಕಿದ್ದ. ಫಿಟ್ಟರು ಕೈಗವಸು ಮತ್ತೆ ಹಾಕಿಕೊಂಡಿದ್ದ. ಗೀಟು ಬಿದ್ದ ಬಾಗಿಲನ್ನು ಫೋಟೋ ತೆಗೆದು, ಅದೇ ದಿನ ಕತ್ತರಿಸಿ ಒಳಗಿನ ಹಲಗೆಗಳಿಗೆ ಬಳಸುವುದು ಅಲ್ಲಿಯ ಪದ್ಧತಿ. ಹಾಗಾಗಿ ವಾದ ಮಾಡುವುದಕ್ಕೆ ಸಂಜೆಯ ಹೊತ್ತಿಗೆ ಬಾಗಿಲೇ ಇರುತ್ತಿರಲಿಲ್ಲ.

ಆಳುದ್ದದ ನುಣುಪು ಬಾಗಿಲು ಮಾಡುವುದು ಆ ಫಿಟ್ಟರೊಬ್ಬನ ಕೈಚಳಕ. ಉಳಿದವರದು ಲಾಕರು, ಗಿಡ್ಡ ಬೀರು, ಉಬ್ಬುಗೆರೆ ಒತ್ತಿದ ತಗಡು. ಅವಕ್ಕೆ ಒಂದು ಕಣ್ಣು ಮುಚ್ಚಿ ನೋಡುವ ಗೋಜಿಲ್ಲ, ಎರಡೂ ಕಣ್ಣಲ್ಲಿ ಒಮ್ಮೆ ನೋಡಿ ದಾಟಿಸಿದರಾಯಿತು. ಉದ್ದ ಬಾಗಿಲಿಗೆ ಮಾತ್ರ ರಸಮಟ್ಟ ಒಂಟಿಗಣ್ಣಿನ ಪೂಜೆ ಇಟ್ಟುಕೊಂಡಿದ್ದ. ಮೊದಲು ತಿಂಗಳಿಗೊಂದು ಗೀಟು ಬಿತ್ತು, ಆಮೇಲೆ ಎರಡು, ಕೊನೆಯ ವಾರ ಮಾಡಿದ ಮೂರಕ್ಕೆ ಮೂರೂ ಕೆಂಪಾದವು. ತನ್ನವನೆಂದು ಬಿಡಲಿಲ್ಲ ಎಂದು ಕಾರ್ಖಾನೆಯ ಹಿರಿಯರು ರಸಮಟ್ಟನನ್ನು ಹೊಗಳಿದರು. ಹೊಗಳಿಕೆ ಅವನಿಗೆ ಹಿತವಾಗಿಯೇ ಇತ್ತು.

ಮನೆಯಲ್ಲಿ ಹಿತವಾಗಿರಲಿಲ್ಲ. ಹೆಂಡತಿ ಜಗಳ ಆಡಲಿಲ್ಲ, ಮಾತೂ ಬಿಡಲಿಲ್ಲ. ಮಾತಿಗೆ ಮುಳ್ಳು ಕಟ್ಟಿ ಬಡಿಸತೊಡಗಿದಳು. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದರೆ, "ನೋಡಿಯೇ ಹೇಳಿ, ನಿಮಗೆ ಕಣ್ಣಳತೆ ಇದೆಯಲ್ಲ," ಎನ್ನುವಳು. ಅವಳ ತಮ್ಮ ಭಾನುವಾರ ಮನೆಗೆ ಬರುವುದು ನಿಂತಿತ್ತು. ಅವನ ಬೆರಳುಗಳಿಗೆ ಹಗ್ಗ ಉಜ್ಜಿ ಸಿಪ್ಪೆ ಏಳುತ್ತಿದೆ ಎಂದು ಅವಳು ಗೋಡೆಗೆ ಹೇಳುತ್ತಿದ್ದಳು. ಗೋಡೆಗೆ ಕಿವಿ ಇದೆ ಎನ್ನುತ್ತಾರಲ್ಲ, ಅದು ಆ ಮನೆಯಲ್ಲಿ ಪೇಪರು ಓದುತ್ತ ಕೂತಿರುತ್ತಿತ್ತು.

ಲ್ಯಾಪ್‌ಟಾಪು ಬಂದದ್ದು ಈ ಹೊತ್ತಿನಲ್ಲಿ. ಕಾರ್ಖಾನೆಯ ಆಫೀಸಿನ ಸಣ್ಣ ಕಂಪ್ಯೂಟರಿನಲ್ಲಿ ಫೋಟೋ ನೋಡಿದರೆ ಬಾಗಿಲು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ತೀರ್ಮಾನದ ದಿನ ಯಾರೂ ತುಟಿ ಎರಡು ಮಾಡಬಾರದು, ಡೊಂಕು ಎದ್ದು ಕಾಣಬೇಕು ಎಂದು ರಸಮಟ್ಟ ತನ್ನ ಕೈಯಿಂದಲೇ ದುಡ್ಡು ಹಾಕಿ ದೊಡ್ಡ ಪರದೆಯದ್ದು, ಆಫೀಸು ಕೆಲಸಕ್ಕೆಂದೇ ಮಾಡಿದ್ದು ಎಂದು ಅಂಗಡಿಯವರು ಆಣೆ ಹಾಕಿ ಹೇಳಿದ್ದನ್ನು ಕೊಂಡು ತಂದ. ಹತ್ತು ದಿನದೊಳಗೆ ದೋಷ ಕಂಡರೆ ವಾಪಸು ತೆಗೆದುಕೊಳ್ಳುತ್ತಾರೆ ಎಂಬ ಚೀಟಿಯನ್ನು ಗೋಡೆಗೆ ಅಂಟಿಸಿದ. ಹತ್ತು ದಿನ ಅಂದರೆ ರಸಮಟ್ಟನಿಗೆ ಹತ್ತು ದಿನದ ಕೆಲಸ.

ಕಾರ್ಖಾನೆಯ ತಪಾಸಣೆ ಹಾಳೆಯನ್ನೇ ತಂದು, ಬೀರು ಎಂದಿದ್ದ ಕಡೆ ಹೊಡೆದುಹಾಕಿ ಲ್ಯಾಪ್‌ಟಾಪು ಎಂದು ಬರೆದುಕೊಂಡ. ಕೀಲು: ನಲವತ್ತು ಸಲ ತೆರೆದು ಮುಚ್ಚಿದ. ಸದ್ದಿಲ್ಲ, ಸಡಿಲಿಲ್ಲ, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಸರಿ ಎಂದು ಗುರುತು ಹಾಕಿದ. ಮೂಲೆಗಳು: ನಾಲ್ಕನ್ನೂ ಹೆಬ್ಬೆರಳಿನಿಂದ ಒತ್ತಿದ. ಬಲಗಡೆ ಕೆಳಮೂಲೆ ಒತ್ತಿದರೆ ಕೊಂಚ ತಗ್ಗುತ್ತದೆ; ಆದರೂ ಸರಿ. ತೂಕ: ಹೆಸರಿಗೆ ಲ್ಯಾಪ್‌ಟಾಪು, ತೊಡೆಯ ಮೇಲಿಟ್ಟರೆ ಅರ್ಧ ಗಂಟೆಗೆ ಕಾಲು ಜೋಮು ಹಿಡಿಯುತ್ತದೆ. ಚೀಲ: ಮನೆಯಲ್ಲಿದ್ದ ಯಾವ ಚೀಲಕ್ಕೂ ಹಿಡಿಸಲಿಲ್ಲ, ದಿಂಬಿನ ಕವರಿನಲ್ಲಿ ಹಾಕಿ ಬಸ್ಸಿಗೆ ಒಯ್ಯುತ್ತಿದ್ದ, ಜನ ಅವನು ಎಲ್ಲಿ ಮಲಗಲು ಹೊರಟಿದ್ದಾನೋ ಎಂದು ನೋಡುತ್ತಿದ್ದರು. ಕೀಲಿಮಣೆ: ಅಂಕಿಗಳ ಸಾಲು ಬಲಕ್ಕೆ ಬಂದಿರುವುದರಿಂದ ಅಕ್ಷರಗಳೆಲ್ಲ ಎಡಕ್ಕೆ ಸರಿದಿವೆ, ಟೈಪು ಮಾಡುವಾಗ ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ಓರೆಯಾಗಿ ಕೂರಬೇಕು. ಆದರೆ ಒತ್ತು ಚೆನ್ನಾಗಿದೆ. ಬಿಸಿ: ಎರಡು ಗಂಟೆ ಓಡಿಸಿದರೂ ಕೈ ಸಹಿಸುವಷ್ಟು. ಬ್ಯಾಟರಿ: ಬೆಳಿಗ್ಗೆ ತುಂಬಿಸಿದರೆ ಮಧ್ಯಾಹ್ನದ ಊಟ ದಾಟುತ್ತದೆ, ಇಷ್ಟು ದೊಡ್ಡ ಹೊಟ್ಟೆಗೆ ಅದೇ ಹೆಚ್ಚು. ಸ್ಪೀಕರು: ತಗಡಿನ ಡಬ್ಬದಲ್ಲಿ ಯಾರೋ ಮಾತಾಡಿದ ಹಾಗೆ, ಆದರೆ ತಗಡಿನೊಳಗಿನ ಸದ್ದಿಗೆ ರಸಮಟ್ಟನ ತಕರಾರಿಲ್ಲ.

ಐದನೆಯ ದಿನ ಪರದೆಯ ಸರದಿ. ಖಾಲಿ ಲೆಕ್ಕದ ಹಾಳೆ ತೆರೆದ. ಉದ್ದಗೆರೆ, ಅಡ್ಡಗೆರೆ, ಪರದೆ ತುಂಬ ಚೌಕ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದ. ನಟ್ಟನಡುವೆ ಗೆರೆಗಳು ಸೊಂಟ ಬಳುಕಿಸಿದ್ದವು. ಯಾರೋ ಬೆರಳಿಟ್ಟು ಒಳಕ್ಕೆ ಒತ್ತಿದ ಹಾಗೆ, ಬದಿಯ ಚೌಕಗಳೆಲ್ಲ ಆ ಕಡೆಗೆ ವಾಲಿದ್ದವು. ತೆರೆ ಎಂದರೆ ಪರದೆಯೂ ಹೌದು, ಅಲೆಯೂ ಹೌದು; ಇವನ ತೆರೆಯಲ್ಲಿ ತೆರೆ ಎದ್ದಿತ್ತು.

"ಸಿಕ್ಕಿಬಿತ್ತು," ಎಂದ, ಹೆಚ್ಚು ಕಡಿಮೆ ಸಂತೋಷದಿಂದಲೇ.

"ಯಾರು?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಲ್ಯಾಪ್‌ಟಾಪು. ಪರದೆ ನಡುವೆ ಡೊಂಕು."

"ಪಾಪ, ಅದನ್ನೂ ಪ್ಯಾಕಿಂಗಿಗೆ ಹಾಕಿ."

ಮಾರನೆಯ ದಿನ ರಸಮಟ್ಟ ಕಾರ್ಖಾನೆಯಿಂದ ಬರುವಾಗ ಮೊಳೆಯಲ್ಲಿದ್ದ ಉಕ್ಕಿನ ಪಟ್ಟಿಯನ್ನು ಬಿಚ್ಚಿ, ಧೂಳು ಒರೆಸಿ, ದಿಂಬಿನ ಕವರಿನಲ್ಲಿ ಲ್ಯಾಪ್‌ಟಾಪಿನ ಜೊತೆಗೆ ಸೇರಿಸಿ ತಂದ. ಅಂಗಡಿಯವರ ಜೊತೆ ಮಾತಾಡಲು ಬರೀ ಕಣ್ಣಿನ ಸಾಕ್ಷಿ ಸಾಲದು, ಅವರೇನು ಕಾರ್ಖಾನೆಯವರಲ್ಲ. ಕೂತು, ಪಟ್ಟಿಯನ್ನು ಪರದೆಯ ಮೇಲೆ ಮೆಲ್ಲಗೆ ಇಟ್ಟ. ಗೆರೆಯ ಪಕ್ಕಕ್ಕೆ ಸರಿಯಾಗಿ ಜೋಡಿಸಿದ. ಎಡಗಣ್ಣು ಮುಚ್ಚಿದ.

ಪಟ್ಟಿಯೂ ನಡುವೆ ಬಾಗಿತ್ತು.

ಪಟ್ಟಿ ತೆಗೆದು ತಿರುಗಿಸಿ ಇಟ್ಟ. ಈಗಲೂ ಬಾಗಿತ್ತು, ಅದೇ ಜಾಗದಲ್ಲಿ, ಅದೇ ಕಡೆಗೆ.

"ಬಾರೇ ಇಲ್ಲಿ," ಎಂದು ಹೆಂಡತಿಯನ್ನು ಕರೆದ. "ಈ ಪಟ್ಟಿ ನೆಟ್ಟಗಿದೆಯಾ ನೋಡು."

ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನೋಡಿದಳು. "ನೆಟ್ಟಗಿದೆ."

"ಸರಿಯಾಗಿ ನೋಡು. ನಡುವೆ?"

"ನಡುವೇನೂ ನೆಟ್ಟಗಿದೆ, ಕೊನೇನೂ ನೆಟ್ಟಗಿದೆ. ಕಬ್ಬಿಣದ ಪಟ್ಟಿ ರೀ, ಅದಕ್ಕೇನು ಬಸುರಾ?"

"ನಿನಗೆ ತಿಳಿಯಲ್ಲ. ಇಷ್ಟು ವರ್ಷ ಒಂದೇ ಮೊಳೆಗೆ ನೇತು ಹಾಕಿ ಪಟ್ಟಿ ಬಾಗಿಬಿಟ್ಟಿದೆ," ಎಂದ ರಸಮಟ್ಟ. ಹಾಗೆಂದು ನಂಬಿಯೂ ಬಿಟ್ಟ. ಜಗತ್ತಿನಲ್ಲಿ ಏನು ಬೇಕಾದರೂ ಡೊಂಕಾಗಬಹುದು, ಉಕ್ಕು ಡೊಂಕಾಗಬಹುದು, ಗಾಜು ಡೊಂಕಾಗಬಹುದು. ಡೊಂಕಾಗದೆ ಉಳಿದದ್ದು ಒಂದೇ, ಅದು ಅವನ ಮೂಗಿನ ಬಲಗಡೆಗಿತ್ತು.

ಹೆಂಡತಿ ಒಳಗೆ ಹೋಗುತ್ತ ಹೇಳಿದಳು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಎಂಟನೆಯ ದಿನ ಅರ್ಧ ರಜೆ ಹಾಕಿ ಅಂಗಡಿಯ ಸರ್ವಿಸ್ ಕೌಂಟರಿಗೆ ಹೋದ. ಕೌಂಟರಿನಲ್ಲಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ದಪ್ಪನೆಯ ಹೆಂಗಸು ಕೂತಿದ್ದಳು. ಕೈಯಲ್ಲೊಂದು ಪುಟ್ಟ ಸ್ಕ್ರೂ ಡ್ರೈವರು. ಅದರಿಂದಲೇ ಕಿವಿ ತುರಿಸಿಕೊಳ್ಳುತ್ತಿದ್ದಳು. ರಸಮಟ್ಟ ತಪಾಸಣೆ ಹಾಳೆಯನ್ನು ಮುಂದಿಟ್ಟ. ಅವಳು ಓದಿದಳು, ಎರಡನೆಯ ಸಲವೂ ಓದಿದಳು.

"ನಲವತ್ತು ಸಲ ತೆಗೆದು ಮುಚ್ಚಿದೀರಾ?"

"ನಮ್ಮಲ್ಲಿ ನೂರು ಸಲ ಮಾಡ್ತೀವಿ. ಇದು ಸಣ್ಣದು ಅಂತ ಬಿಟ್ಟೆ."

ಅವಳು ಪರದೆ ನೋಡಿದಳು. ಅವಳಿಗೆ ಏನೂ ಕಾಣಲಿಲ್ಲ. ಒಳಗಿನಿಂದ ಅದೇ ಜಾತಿಯ ಇನ್ನೊಂದು ಲ್ಯಾಪ್‌ಟಾಪು ತಂದು, ಅದರಲ್ಲೂ ಚೌಕದ ಹಾಳೆ ತೆರೆದಳು. ರಸಮಟ್ಟ ಎಡಗಣ್ಣು ಮುಚ್ಚಿದ. ಅದೂ ಡೊಂಕು. ಬೇರೆ ಜಾತಿಯದ್ದು ತಂದಳು. ಡೊಂಕು. ತನ್ನ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು.

"ಇದೂ," ಎಂದ ಅವನು, ಮರುಕದಿಂದ. "ನಿಮ್ಮ ಅಂಗಡಿ ಪೂರ್ತಿ ಹೀಗೇನಾ?"

ಅವಳು ಸ್ಕ್ರೂ ಡ್ರೈವರು ಕೆಳಗಿಟ್ಟಳು. "ನೀವು ಯಾಕ್ರೀ ಒಂದೇ ಕಣ್ಣಲ್ಲಿ ನೋಡ್ತಾ ಇದೀರಿ?"

"ಅದು ನನ್ನ ಕೆಲಸದ ಕಣ್ಣು."

"ಅದಕ್ಕೆ ಒಂದು ನಿಮಿಷ ರಜೆ ಕೊಡಿ. ಇನ್ನೊಂದರಲ್ಲಿ ನೋಡಿ."

ರಸಮಟ್ಟ ನಕ್ಕ. ಎಡಗಣ್ಣಿನಲ್ಲಿ ಅವನು ಹುಟ್ಟಿದಾಗಿನಿಂದ ಏನನ್ನೂ ಅಳೆದಿರಲಿಲ್ಲ. ಅದು ಬರೀ ಜೊತೆಗಿದ್ದ ಕಣ್ಣು, ಕಚೇರಿಯಲ್ಲಿ ಎರಡನೆಯ ಗುಮಾಸ್ತ ಇದ್ದ ಹಾಗೆ. ಬಲಗಣ್ಣು ಮುಚ್ಚಿ, ಎಡಗಣ್ಣು ತೆರೆದ.

ಗೆರೆಗಳು ನೆಟ್ಟಗೆ ನಿಂತವು. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಬಿಗಿದ ದಾರದ ಹಾಗೆ. ಮತ್ತೆ ಬಲಗಣ್ಣು: ಡೊಂಕು. ಮತ್ತೆ ಎಡಗಣ್ಣು: ನೇರ. ಕೌಂಟರಿನ ಹೆಂಗಸು ಅವನನ್ನೇ ನೋಡುತ್ತಿದ್ದಳು. ಒಂದು ಹಳೆಯ ರಸೀದಿ ಪುಸ್ತಕ ತೆಗೆದು, ಗೆರೆ ಇದ್ದ ಹಾಳೆಯನ್ನು ಅವನ ಮುಂದೆ ಹಿಡಿದಳು. ಕಾಗದದ ಗೆರೆಯೂ ಬಲಗಣ್ಣಿಗೆ ಬಳುಕಿತು.

"ಲ್ಯಾಪ್‌ಟಾಪು ವಾಪಸ್ ತಗೋಬೇಕಾ?" ಎಂದು ಕೇಳಿದಳು. ದನಿ ಮೆತ್ತಗಾಗಿತ್ತು. "ಬೇಕಾದ್ರೆ ತಗೋತೀನಿ. ಆದ್ರೆ ಮೊದಲು ಕಣ್ಣಿನ ಡಾಕ್ಟರ ಹತ್ರ ಹೋಗಿ ಅಣ್ಣಾ. ನಮ್ಮ ಅತ್ತೆಗೂ ಹೀಗೇ ಬಾಗಿಲ ಚೌಕಟ್ಟು ಬಗ್ಗಿ ಕಾಣ್ತಿತ್ತು."

ಅಲ್ಲಿಂದ ಎರಡು ಬೀದಿ ದಾಟಿದರೆ ಕಣ್ಣಿನ ಆಸ್ಪತ್ರೆ. ಡಾಕ್ಟರು ಅವನ ಕೈಗೆ ಒಂದು ಕಾಗದ ಕೊಟ್ಟರು: ಚೌಕಗಳು, ನಡುವೆ ಒಂದು ಚುಕ್ಕೆ. ಅವನು ಮೂರು ದಿನದಿಂದ ನೋಡುತ್ತಿದ್ದ ಲೆಕ್ಕದ ಹಾಳೆಯೇ ಅದು, ಬರೀ ಸಣ್ಣದು. ಆಮೇಲೆ ಕಣ್ಣಿಗೆ ಹನಿ ಬಿಟ್ಟು, ದೀಪ ಹಾಕಿ, ಬಹಳ ಹೊತ್ತು ನೋಡಿದರು. ಬಲಗಣ್ಣಿನ ಪರದೆಯ ನಡುಭಾಗ ಕೆಟ್ಟಿದೆ ಎಂದರು. ಕಣ್ಣಿನೊಳಗೂ ಒಂದು ಪರದೆ ಇದೆ ಎಂಬುದು ರಸಮಟ್ಟನಿಗೆ ಐವತ್ನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಯಿತು.

"ಎಷ್ಟು ದಿನದಿಂದ ಹೀಗೆ ಕಾಣ್ತಿದೆ?"

"ಲ್ಯಾಪ್‌ಟಾಪ್ ತಂದಾಗಿನಿಂದ. ಎಂಟು ದಿನ."

"ನಿಮಗೆ ಗೊತ್ತಾಗಿ ಎಂಟು ದಿನ. ಇದು ಆರೇಳು ತಿಂಗಳ ಹಳೇದು, ಹೆಚ್ಚೂ ಇರಬಹುದು. ಎರಡೂ ಕಣ್ಣು ತೆರೆದಿದ್ದರೆ ಒಳ್ಳೇ ಕಣ್ಣು ಕೆಟ್ಟದ್ದನ್ನ ಮುಚ್ಚಿ ಹಾಕುತ್ತೆ. ಸೂಜಿಮದ್ದು ಕೊಟ್ಟರೆ ಇಲ್ಲಿಗೆ ನಿಲ್ಲಿಸಬಹುದು. ಹೋದದ್ದು ಪೂರ್ತಿ ಬರುತ್ತೆ ಅಂತ ಹೇಳಲ್ಲ." ಡಾಕ್ಟರು ಚೀಟಿ ಬರೆಯುತ್ತ ಕೇಳಿದರು, "ಏನು ಕೆಲಸ ನಿಮ್ಮದು?"

"ಬಾಗಿಲು ನೋಡೋದು," ಎಂದ ರಸಮಟ್ಟ. ಡಾಕ್ಟರಿಗೆ ಕಾವಲುಗಾರ ಎಂದು ಅರ್ಥವಾಗಿರಬೇಕು, ತಲೆ ಅಲ್ಲಾಡಿಸಿದರು.

ಮನೆಗೆ ಬಂದು, ಹನಿಯ ಮಬ್ಬು ಇಳಿಯುವವರೆಗೆ ಕಾದು, ಲ್ಯಾಪ್‌ಟಾಪು ತೆರೆದ. ಹನ್ನೊಂದು ಫೋಟೋಗಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಒಂದೊಂದನ್ನೇ ದೊಡ್ಡದು ಮಾಡಿದ. ಪರದೆಯ ಬಗ್ಗೆ ಹೇಳಬೇಕೆಂದರೆ ಅದರಷ್ಟು ಒಳ್ಳೆಯ ಪರದೆಯನ್ನು ಅವನು ಕಂಡಿರಲಿಲ್ಲ. ತಗಡಿನ ಮೇಲೆ ಅರ ಉಜ್ಜಿದ ಗೀರು ಕಾಣುತ್ತಿತ್ತು, ಬೆಸುಗೆಯ ಕಾಳು ಕಾಣುತ್ತಿತ್ತು, ಬಣ್ಣದೊಳಗೆ ಸಿಕ್ಕಿದ ಒಂದು ಎಳೆ ಕೂದಲು ಕೂಡ ಕಾಣುತ್ತಿತ್ತು. ತನ್ನದೇ ಕೆಂಪು ಗೀಟು ರಕ್ತದಷ್ಟು ಸ್ಪಷ್ಟವಾಗಿತ್ತು. ಗೀಟಿನ ಪಕ್ಕದಲ್ಲಿ ಬಾಗಿಲಿನ ಅಂಚು, ಮೇಲಿಂದ ಕೆಳಗೆ, ನೇರ. ಎರಡನೆಯದು ನೇರ. ಮೂರನೆಯದು, ಭಾಮೈದ ಪಟ್ಟಿ ಕೇಳಿದ್ದು, ನೇರ. ಹನ್ನೊಂದನೆಯದರವರೆಗೂ ನೋಡಿದ. ಆಮೇಲೆ ತಪಾಸಣೆ ಹಾಳೆ ತೆಗೆದು, ಪರದೆ ಎಂದಿದ್ದ ಕಡೆ ಹಾಕಿದ್ದ ಅಡ್ಡಗೀಟನ್ನು ತಿದ್ದಿ, ಸರಿ ಎಂದು ಗುರುತು ಮಾಡಿದ. ತಿದ್ದಲು ಸಾಧ್ಯವಿದ್ದದ್ದು ಅದೊಂದೇ.

"ಅಂಗಡಿಯವರು ಏನಂದ್ರು?" ಹೆಂಡತಿ ಕೇಳಿದಳು.

"ಪರದೆ ಸರಿ ಇದೆಯಂತೆ."

"ಹಾಗಾದ್ರೆ ಡೊಂಕು ಯಾವುದು?"

ಅವನು ಕೈ ತೊಳೆಯಲು ಎದ್ದ. ಕೈ ತೊಳೆಯುವುದು ಬಹಳ ಹೊತ್ತು ನಡೆಯಿತು. ಬರುವಷ್ಟರಲ್ಲಿ ಡಾಕ್ಟರ ಚೀಟಿ ಅವಳ ಕೈಯಲ್ಲಿತ್ತು. ಅಂಗಿಯ ಜೇಬಿನಿಂದ ಇಣುಕುತ್ತಿದ್ದುದನ್ನು ತೆಗೆದಿದ್ದಳು. ಅವಳು ಓದಿ ಮುಗಿಸಿ, ಮಡಿಸಿ, ಮತ್ತೆ ಜೇಬಿಗೇ ಇಟ್ಟಳು. ಗಂಡನ ಕಣ್ಣಿಗಾಗಿ ಅಳಬೇಕೋ ತಮ್ಮನ ಕೈಗಾಗಿ ಅಳಬೇಕೋ ಎಂದು ಅವಳಿಗೆ ತೋಚಲಿಲ್ಲ ಎಂದು ಕಾಣುತ್ತದೆ. ಎರಡನ್ನೂ ಬಿಟ್ಟು ಅನ್ನ ಬಡಿಸಿದಳು. ಅವನ ಊಟ ಮುಗಿಯುವವರೆಗೂ ಎದುರಿಗೆ ಕೂತಿದ್ದಳು.

"ಗುರುವಾರ ನೀವೇ ಹೇಳ್ತೀರಾ," ಎಂದಳು, "ಇಲ್ಲಾ ನಾನು ಬರಬೇಕಾ?"

"ಕೆಲಸ ಹೋಗುತ್ತೆ ಕಣೇ."

"ಯಾರದು? ನನ್ನ ತಮ್ಮಂದು ಹೋಗಿ ತಿಂಗಳಾಯ್ತು."

ಗುರುವಾರ ಬೆಳಿಗ್ಗೆ ಮ್ಯಾನೇಜರು ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಈಗ ತೆಗೀರಿ ನಿಮ್ಮ ಬಾಗಿಲು," ಎಂದರು. ರಸಮಟ್ಟ ತೆಗೆದ. ಮೊದಲ ಫೋಟೋ ಪರದೆ ತುಂಬ ನಿಂತಿತು. ಮ್ಯಾನೇಜರು ಬಗ್ಗಿ ನೋಡಿದರು, ಕನ್ನಡಕ ಹಾಕಿ ನೋಡಿದರು. "ನನಗೇನೋ ನೆಟ್ಟಗೇ ಕಾಣುತ್ತಪ್ಪ. ನಿಮ್ಮ ಕಣ್ಣು ನಮಗೆಲ್ಲಿಂದ ಬರಬೇಕು."

"ನನ್ನ ಕಣ್ಣು ಯಾರಿಗೂ ಬರೋದು ಬೇಡ ಸಾರ್," ಎಂದು ಅವನು ಡಾಕ್ಟರ ಚೀಟಿ ಮುಂದಿಟ್ಟ. ಹೇಳಬೇಕಾದ್ದನ್ನು ಹೇಳಿದ. ನಾಲ್ಕೇ ಮಾತು, ಇಪ್ಪತ್ತಾರು ವರ್ಷ ಕಟ್ಟಿದ್ದನ್ನು ಬಿಚ್ಚಲು ಅಷ್ಟು ಸಾಕಾಯಿತು. ಬಾಗಿಲುಗಳು ನೆಟ್ಟಗಿದ್ದವು, ಕಣ್ಣು ಕೆಟ್ಟಿತ್ತು, ಫಿಟ್ಟರದು ತಪ್ಪಿಲ್ಲ, ಅವನನ್ನು ಬೆಂಚಿಗೆ ವಾಪಸು ಹಾಕಿ.

ಮ್ಯಾನೇಜರು ಎದ್ದು ಹೋಗಿ ಕೋಣೆಯ ಕದ ಹಾಕಿ ಬಂದರು. "ಈ ಚೀಟಿ ಇನ್ಯಾರು ನೋಡಿದಾರೆ?"

"ಮನೇಲಿ."

"ಕಾರ್ಖಾನೇಲಿ?"

"ಇಲ್ಲ."

"ಯೋಚನೆ ಮಾಡಿ. ಹನ್ನೊಂದು ಬಾಗಿಲು ಡೊಂಕು ಅಂದಿರಿ, ಅದು ತಪ್ಪು ಅಂತ ಒಪ್ಕೊಳೋಣ. ಈ ಏಳು ತಿಂಗಳಲ್ಲಿ ಸರಿ ಇದೆ ಅಂತ ನೀವು ದಾಟಿಸಿದ್ದು ಎಷ್ಟು? ಮೂರು ಸಾವಿರ. ಹನ್ನೊಂದು ಬಾಗಿಲು ನೆಟ್ಟಗೆ ಮಾಡೋಕೆ ಹೋಗಿ ಮೂರು ಸಾವಿರ ಬಾಗಿಲು ಅನುಮಾನಕ್ಕೆ ತೆಗೀಲಾ? ಗಿರಾಕಿಗಳು ಸುಮ್ಮನಿರ್ತಾರಾ?" ಅವರ ದನಿಯಲ್ಲಿ ಕೋಪವಿರಲಿಲ್ಲ. ಚಹಾ ಆರಿತ್ತು, ಒಂದು ಗುಟುಕು ಕುಡಿದು ಮುಖ ಕಿವುಚಿದರು. "ನಿಮ್ಮ ಕಣ್ಣು ಸರಿ ಇದೆ. ಇತ್ತು. ಇನ್ಮೇಲೆ ಕಡತದ ಕೋಣೇಲಿ ಕೂತ್ಕೊಳ್ಳಿ, ದಾಖಲೆಗಳನ್ನ ಕಂಪ್ಯೂಟರಿಗೆ ಹಾಕಿ. ದೊಡ್ಡ ಪರದೆ ಹೇಗೂ ತಂದಿದೀರಿ. ಸಂಬಳ ಅದೇ. ಬಾಗಿಲು ನೋಡೋಕೆ ಮುಂದಿನ ತಿಂಗಳು ಕ್ಯಾಮೆರಾ ಬರುತ್ತೆ."

"ಫಿಟ್ಟರು?"

"ಅವನು ಅಲ್ಲೇ ಇರಲಿ. ಬೆಂಚಿಗೆ ವಾಪಸ್ ಹಾಕಿದ್ರೆ ಯಾಕೆ ಅಂತ ಕೇಳ್ತಾರೆ. ಪ್ಯಾಕಿಂಗ್‌ನಲ್ಲಿ ಮೇಸ್ತ್ರಿ ಅಂತ ಒಂದು ಹೆಸರು ಕೊಡೋಣ. ನಿಮ್ಮ ಭಾಮೈದ ಅಲ್ವಾ, ನೀವು ಹೇಳಿದ್ರೆ ಕೇಳ್ತಾನೆ."

ರಸಮಟ್ಟ ಇನ್ನೇನೋ ಹೇಳಬೇಕೆಂದು ಬಾಯಿ ತೆರೆದ. ಮೇಜಿನ ಮೇಲೆ ಡಾಕ್ಟರ ಚೀಟಿ ಇತ್ತು. ಮ್ಯಾನೇಜರು ಅದನ್ನು ಎರಡು ಬೆರಳಲ್ಲಿ ಎತ್ತಿ ಅವನ ಜೇಬಿಗೆ ತಾವೇ ಹಾಕಿ, ಜೇಬನ್ನು ಮೆಲ್ಲಗೆ ತಟ್ಟಿದರು. ಅವನು ಬಾಯಿ ಮುಚ್ಚಿದ. ಲ್ಯಾಪ್‌ಟಾಪನ್ನೂ ಮುಚ್ಚಿದ. ಅದರ ಕೀಲು ಸದ್ದು ಮಾಡಲಿಲ್ಲ.

ಪ್ಯಾಕಿಂಗ್ ಕಾರ್ಖಾನೆಯ ಹಿಂಬದಿಯಲ್ಲಿ, ಲಾರಿಗಳು ಬಂದು ನಿಲ್ಲುವ ಕಡೆ. ಬಿಸಿಲು ತಗಡಿನ ಮಾಡಿನ ಮೇಲೆ ಬಿದ್ದು ಕೆಳಗಿದ್ದವರನ್ನು ಬೇಯಿಸುತ್ತಿತ್ತು. ಫಿಟ್ಟರು ಒಂದು ಬೀರುವಿಗೆ ರಟ್ಟು ಸುತ್ತಿ, ಮೊಣಕಾಲಿನಿಂದ ಒತ್ತಿ ಹಿಡಿದು, ಹಗ್ಗ ಎಳೆಯುತ್ತಿದ್ದ. ಭಾವ ಬಂದದ್ದು ಕಂಡರೂ ಗಂಟು ಬಿಗಿಯುವವರೆಗೆ ತಿರುಗಲಿಲ್ಲ. ಅವನ ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿತ್ತು.

ರಸಮಟ್ಟ ನಿಂತುಕೊಂಡೇ ಎಲ್ಲ ಹೇಳಿದ. ಕಣ್ಣಿನ ವಿಷಯ ಹೇಳಿದ, ಮ್ಯಾನೇಜರು ಹೇಳಿದ್ದನ್ನು ಹೇಳಿದ, ಮೇಸ್ತ್ರಿ ಎಂಬ ಹೆಸರನ್ನೂ ಹೇಳಿದ. ಹೇಳುವಾಗ ಎರಡೂ ಕಣ್ಣು ತೆರೆದೇ ಇದ್ದವು.

"ಮೇಸ್ತ್ರಿ," ಎಂದ ಫಿಟ್ಟರು. "ಯಾರಿಗೆ? ಇಲ್ಲಿ ಇರೋನು ನಾನೊಬ್ಬನೇ."

"ಮುಂದೆ ಜನ ಬರ್ತಾರೆ."

"ನೀವು ಇನ್ನೊಂದು ಮಾತು ಹೇಳಲಿಲ್ವಾ, ಅವರು ಹಾಗಂದಾಗ?"

"ಹೇಳಿದ್ದೆ. ಮೊದಲೇ ಹೇಳಿದ್ದೆ."

"ಆಮೇಲೆ?"

ರಸಮಟ್ಟ ಜೇಬಿನಲ್ಲಿದ್ದ ಚೀಟಿಯನ್ನು ಮುಟ್ಟಿ ನೋಡಿಕೊಂಡ. ಫಿಟ್ಟರು ಬೀರುವಿನ ಮೇಲೆ ಕೂತು ಬೆರಳಿನ ಬಟ್ಟೆಯನ್ನು ಬಿಚ್ಚಿ, ಹೊಸದಾಗಿ ಸುತ್ತತೊಡಗಿದ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದ ಭಾವನಿಗೆ ಈ ನಿಧಾನ ಕಷ್ಟವಾಯಿತು.

"ನಾನೂ ಸುಮಾರು ದಿನ ನನಗೇ ಏನೋ ಆಗಿದೆ ಅಂತ ಇದ್ದೆ," ಎಂದ ಫಿಟ್ಟರು. "ಕೈ ನಡುಗ್ತಾ ಇದೆಯಾ ಅಂತ ನೀರಿನ ಲೋಟ ಹಿಡಿದು ನೋಡ್ಕೊಳ್ತಿದ್ದೆ. ನಿಮ್ಮ ಕಣ್ಣು ಅಂತ ನನಗೆ ಹೊಳೀಲೇ ಇಲ್ಲ ನೋಡಿ." ಬಟ್ಟೆಯ ತುದಿಯನ್ನು ಹಲ್ಲಿನಿಂದ ಹರಿದ. "ಅಕ್ಕ ನಿನ್ನೆ ಫೋನ್ ಮಾಡಿದ್ದಳು. ಪರದೆ ಡೊಂಕಾ ಅಂತ ನೀವು ಲ್ಯಾಪ್‌ಟಾಪಿಗೆ ಪಟ್ಟಿ ಹಿಡಿದು ನೋಡಿದ್ರಂತೆ. ಹೌದಾ?"

"ಹೂಂ."

"ಕಾರ್ಖಾನೆ ಪಟ್ಟಿ. ಮೊಳೆಯಿಂದ ತೆಗೆದು, ಮನೆವರೆಗೂ ಹೊತ್ತುಕೊಂಡು ಹೋಗಿ."

"ಹೂಂ."

"ತಿರುಗಿಸಿಯೂ ಇಟ್ಟು ನೋಡಿದ್ರಂತೆ. ಅಕ್ಕನ್ನೂ ಕರೆದು ತೋರಿಸಿದ್ರಂತೆ." ಫಿಟ್ಟರು ಈಗ ತಲೆ ಎತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕಾಗಿದ್ದವನ ಮುಖ ಅದು. "ನಾನು ಬಾಯಿಬಿಟ್ಟು ಕೇಳಿದೆ ಭಾವ. ನನ್ನ ಹನ್ನೊಂದು ಬಾಗಿಲಲ್ಲಿ ಒಂದಕ್ಕಾದ್ರೂ ಯಾಕೆ ಹಿಡೀಲಿಲ್ಲ?"

ರಸಮಟ್ಟ ಬೆಳಗಿನಿಂದ ಈ ಪ್ರಶ್ನೆಗೆ ಉತ್ತರಗಳನ್ನು ಜೋಡಿಸಿಕೊಂಡಿದ್ದ. ಕಣ್ಣಿನ ಮೇಲಿದ್ದ ನಂಬಿಕೆ, ತನ್ನವರಿಗೆ ಬಿಟ್ಟುಕೊಟ್ಟ ಎಂದಾರು ಎಂಬ ಅಂಜಿಕೆ, ಇಪ್ಪತ್ತಾರು ವರ್ಷದ ರೂಢಿ. ಎಲ್ಲವೂ ಒಳ್ಳೆಯ ಉತ್ತರಗಳೇ. ಲಾರಿಯೊಂದು ಹಿಂದಕ್ಕೆ ಬರುತ್ತ ಪೀಪೀ ಎನ್ನುತ್ತಿತ್ತು. ಅದು ನಿಲ್ಲುವವರೆಗೆ ಕಾದ.

"ಲ್ಯಾಪ್‌ಟಾಪು ನಂದಲ್ವಾ," ಎಂದ.